ಬೆನ್ನಿನ ಮೇಲೊಂದು ಚೌಕ

2025ರ ಫೆಬ್ರವರಿ 9ರ ರಾತ್ರಿ ನಮ್ಮ ಯಜಮಾನರಿಗೆ ಜ್ವರ ಬಂದಾಗ ಮನೆಯಲ್ಲಿ ಯಾರೂ ಚಿಕನ್ ಪಾಕ್ಸ್ ಎಂಬ ಹೆಸರನ್ನು ಎತ್ತಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯನ್ನು ಬಿಟ್ಟು ಮೂರು ಕಿಲೋಮೀಟರ್ ಒಳಗಿರುವ ನಮ್ಮ ಮನೆಯಲ್ಲಿ ಆ ತಿಂಗಳ ಜ್ವರವೆಂದರೆ ಮೊದಲು ಮಂಗನ ಕಾಯಿಲೆಯ ಭಯ, ಉಳಿದ ಯೋಚನೆಗಳೆಲ್ಲ ಆಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನ ಹಳ್ಳಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಹರಡುವ ಉಣುಗು ಇರುವುದು ಕಾಡಿನ ನೆಲದ ಒಣಗಿದ ಎಲೆಗಳ, ಅಂದರೆ ದರಗಿನ, ನಡುವೆ. ಜ್ವರ ಬರುವ ಮೊದಲು ಇವರು ನಾಲ್ಕು ದಿನ ಕಾನಿನಿಂದ ಕೊಟ್ಟಿಗೆಗೆ ದರಗು ಹೊತ್ತು ತಂದಿದ್ದರು. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಡೆಪಾ ಎಣ್ಣೆಯ ಬಾಟಲಿ ಮುಚ್ಚಳ ತೆಗೆಯದ ಸ್ಥಿತಿಯಲ್ಲಿಯೇ ಜಗಲಿಯ ಗೂಡಿನಲ್ಲಿ ಕುಳಿತಿತ್ತು. ರಾತ್ರಿಯಿಡೀ ತಲೆನೋವು, ಸೊಂಟನೋವು ಎಂದು ಹೊರಳಾಡಿದವರನ್ನು ಬೆಳಗಾಗುತ್ತಿದ್ದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಡಿಗೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತದ್ದು ಕಂಡಿದೆಯೇ, ಮೈಮೇಲೆ ಉಣುಗು ಕಚ್ಚಿಕೊಂಡದ್ದು ಸಿಕ್ಕಿದೆಯೇ ಎಂದು ಕೇಳಿ, ಕಣ್ಣಿನ ಕೆಂಪು ನೋಡಿ, ಬಾಯಿ ತೆರೆಸಿ ಅಂಗುಳಿಗೆ ಟಾರ್ಚ್ ಬಿಟ್ಟರು. ಮಂಗನ ಕಾಯಿಲೆಯಲ್ಲಿ ಮೃದು ಅಂಗುಳಿನ ಮೇಲೆ ಸಣ್ಣ ಗುಳ್ಳೆಗಳು ಏಳುವುದುಂಟಂತೆ. ಅಂದು ಅಲ್ಲೇನೂ ಇರಲಿಲ್ಲ. ಕಂಕುಳು, ತೊಡೆಸಂದುಗಳಲ್ಲಿ ಸುಟ್ಟ ಬೀಡಿಯ ಗುರುತಿನಂಥ ಕಪ್ಪು ಗಾಯವೇನಾದರೂ ಇದೆಯೇ ಎಂದು ಹುಡುಕಿದ್ದು ನುಸಿ ಕಡಿತದಿಂದ ಬರುವ ಜ್ವರವಾದ ಸ್ಕ್ರಬ್ ಟೈಫಸ್‌ಗಾಗಿ. ಅದೂ ಇರಲಿಲ್ಲ. ರಕ್ತ ತೆಗೆದು ಶಿವಮೊಗ್ಗದ ವೈರಾಣು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು, "ಇವತ್ತು ಇದಕ್ಕೆ ಹೆಸರು ಹೇಳಲಾರೆ, ಮೈಮೇಲೆ ಏನಾದರೂ ಕಂಡರೆ ಕೂಡಲೇ ಬನ್ನಿ" ಎಂದರು. ಹೆಸರು ಹೇಳದ ಡಾಕ್ಟರು ಎಂದು ಬರುವ ದಾರಿಯಲ್ಲಿ ನಾನು ಗೊಣಗಿದ್ದು ಹೌದು. ಈಗ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಅದೇ ಅತ್ಯಂತ ಪ್ರಾಮಾಣಿಕವಾದ ಮಾತು. ಮಕ್ಕಳಲ್ಲಿ ಚಿಕನ್ ಪಾಕ್ಸ್ ಸಾಮಾನ್ಯವಾಗಿ ಗುಳ್ಳೆಗಳೊಂದಿಗೇ ಶುರುವಾಗುತ್ತದೆ, ದೊಡ್ಡವರಲ್ಲಿ ಮಾತ್ರ ಒಂದೆರಡು ದಿನ ಮೊದಲೇ ಜ್ವರ, ಮೈಕೈ ನೋವು, ಊಟ ಸೇರದಿರುವುದು ಕಾಣಿಸಿಕೊಳ್ಳುತ್ತದೆ. ಆ ಎರಡು ದಿನಗಳಲ್ಲಿ ರೋಗಿಯ ಮೈ ನೋಡಿ ಅದನ್ನು ಹೇಳಬಲ್ಲ ವೈದ್ಯರು ಯಾರೂ ಇಲ್ಲ.

11ರ ಸಂಜೆ ಬಿಸಿನೀರಿನ ಬಟ್ಟೆಯಿಂದ ಮೈ ಒರೆಸುವಾಗ ಎದೆಯ ಮೇಲೆ ಏಳೆಂಟು ಕೆಂಪು ಚುಕ್ಕೆಗಳು ಕಂಡವು. ಅತ್ತೆಯವರನ್ನು ಕರೆದೆ. ಅವರು ಕನ್ನಡಕ ಏರಿಸಿಕೊಂಡು ಒಂದು ಗಳಿಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು, "ಅಮ್ಮ ಎದ್ದಿದ್ದಾಳೆ" ಎಂದರು. ಅವರ ಪಾಲಿಗೆ ರೋಗನಿರ್ಣಯ ಅಲ್ಲಿಗೆ ಮುಗಿಯಿತು. ಬಾಗಿಲಿಗೆ ಬೇವಿನ ಸೊಪ್ಪು ಬಂತು, ಸಾರಿಗೆ ಒಗ್ಗರಣೆ ನಿಂತಿತು, ನಾನು ತಡೆಯುವಷ್ಟರಲ್ಲಿ ಬೇವು ಅರಿಶಿನ ಅರೆದ ಲೇಪ ಮಗನ ಎದೆಗೂ ಬೆನ್ನಿಗೂ ಬಿತ್ತು. ನಮ್ಮ ಕಡೆ ಅಮ್ಮ ಎಂಬ ಆ ಒಂದು ಶಬ್ದದೊಳಗೆ ಎಷ್ಟೋ ರೋಗಗಳು ವಾಸವಾಗಿವೆ: ಸಿಡುಬು, ಸೀತಾಳೆ ಸಿಡುಬು ಎಂದು ಕರೆಯುವ ಈ ಚಿಕನ್ ಪಾಕ್ಸ್, ದಡಾರ, ಕೆಲವೊಮ್ಮೆ ಬರೀ ಬೆವರುಗುಳ್ಳೆ ಕೂಡ. ಅಮ್ಮ ಬಂದ ಮನೆಗೆ ಹೊರಗಿನವರು ಹೋಗಬಾರದು, ರೋಗಿ ಹೊಸ್ತಿಲು ದಾಟಬಾರದು ಎಂಬ ಕಟ್ಟಳೆಯ ಬಗ್ಗೆ ನನಗೆ ತಕರಾರಿಲ್ಲ, ಡಾಕ್ಟರು ಹೇಳುವುದೂ ಅದನ್ನೇ. ನನ್ನ ತಕರಾರಿರುವುದು, ಆ ಹೆಸರು ಹೇಳಿದ ಮೇಲೆ ಯಾವ ಅಮ್ಮ ಎಂದು ಕೇಳುವುದೇ ಅಪಚಾರವಾಗಿಬಿಡುತ್ತದೆ ಎಂಬುದರ ಬಗ್ಗೆ.

ಮರುದಿನ ಬೆಳಿಗ್ಗೆ ಮತ್ತೆ ಆರೋಗ್ಯ ಕೇಂದ್ರ. ಫೋನಿನಲ್ಲಿ ಮೊದಲೇ ತಿಳಿಸಿದ್ದರಿಂದ ಡಾಕ್ಟರು ನಮ್ಮನ್ನು ಸಾಲಿನಲ್ಲಿ ಕೂರಿಸದೆ ಹಿಂದಿನ ಬಾಗಿಲಿನಿಂದ ಒಳಗೆ ಕರೆದರು. ಅಂಗಿ ತೆಗೆಸಿದ ಕೂಡಲೇ ಅವರ ಮುಖ ಸಣ್ಣಗಾಯಿತು. "ಇದನ್ನು ಮೊದಲು ತೊಳೆದು ಬನ್ನಿ. ಅರಿಶಿನದ ಕೆಳಗೆ ನನಗೆ ಏನೂ ಕಾಣುವುದಿಲ್ಲ." ಲೇಪ ಹಚ್ಚಿದ್ದಕ್ಕೆ ಅವರು ಬೈಯಲಿಲ್ಲ, ಹಾನಿಯಾಯಿತು ಎಂದೂ ಹೇಳಲಿಲ್ಲ. ಆದರೆ ಗುಳ್ಳೆಯ ಬಣ್ಣವೇ ಅವರಿಗೆ ಬೇಕಾಗಿದ್ದ ಮುಖ್ಯ ಸಾಕ್ಷಿ. ಅರಿಶಿನವಾಗಲಿ, ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ಆಗಲಿ ಅದನ್ನು ಅಳಿಸಿಹಾಕುತ್ತದೆ. ಹಿತ್ತಲ ನಲ್ಲಿಯ ಹತ್ತಿರ ಮೆಲ್ಲಗೆ ತೊಳೆದು, ಉಜ್ಜದೆ ಒತ್ತಿ ಒರೆಸಿ ಮತ್ತೆ ಒಳಗೆ ಬಂದೆವು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಇವರನ್ನು ಕಿಟಕಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರಿಸಿ, ಬೆಳಕು ಓರೆಯಾಗಿ ಬೀಳುವಂತೆ ಸ್ವಲ್ಪ ತಿರುಗಿಸಿ, ಜೇಬಿನಿಂದ ನೀಲಿ ಬಾಲ್ ಪೆನ್ ತೆಗೆದು ಬಲ ಭುಜದ ಮೂಳೆಯ ಕೆಳಗೆ ಒಂದು ಅಂಗೈ ಅಗಲದ ಚೌಕ ಬರೆದರು. ನನ್ನನ್ನು ಹತ್ತಿರ ಕರೆದು, ಮುಟ್ಟದೆ ನೋಡಲು ಹೇಳಿ, ಆ ಚೌಕದೊಳಗಿನದನ್ನು ಒಂದೊಂದಾಗಿ ತೋರಿಸಿದರು. ಒಂದು ಮೂಲೆಯಲ್ಲಿ ಬರೀ ಕೆಂಪು ಚುಕ್ಕೆ, ಬೆರಳಿಟ್ಟರೂ ಚರ್ಮದ ಮಟ್ಟಕ್ಕೇ ಇರುವಂಥದ್ದು. ಅದರ ಪಕ್ಕದಲ್ಲಿ ಸಾಸಿವೆಯಷ್ಟು ಉಬ್ಬಿದ ಗಂಟು. ನಡುವೆ ನಾಲ್ಕು ನೀರ್ಗುಳ್ಳೆಗಳು. ಕೆಂಪು ತಳದ ಮೇಲೆ ತೆಳ್ಳಗಿನ ಪೊರೆ, ಒಳಗೆ ತಿಳಿನೀರು, ಕೆಸುವಿನ ಎಲೆಯ ಮೇಲೆ ನಿಂತ ಹನಿಯ ಹಾಗೆ ಬೆಳಕಿಗೆ ಮಿನುಗುತ್ತಿದ್ದವು. ಅವು ಪೂರ್ತಿ ದುಂಡಗಿರಲಿಲ್ಲ, ಚರ್ಮದ ಮಡಿಕೆಯ ದಿಕ್ಕಿಗೆ ಕೊಂಚ ಉದ್ದವಾಗಿದ್ದವು. ಕೆಳಗಿನ ಗೆರೆಯ ಹತ್ತಿರ ಒಂದರ ನೀರು ಆಗಲೇ ಮಜ್ಜಿಗೆ ತಿಳಿಯಂತೆ ಮಸುಕಾಗಿ, ನೆತ್ತಿಯಲ್ಲಿ ಸಣ್ಣ ತಗ್ಗು ಬಿದ್ದಿತ್ತು. "ನಾನು ನೋಡುವುದು ಗುಳ್ಳೆಯನ್ನಲ್ಲಮ್ಮ, ಗುಳ್ಳೆಗಳ ವಯಸ್ಸನ್ನು" ಎಂದರು ಡಾಕ್ಟರು. ಒಂದೇ ಅಂಗೈ ಅಗಲದ ಚರ್ಮದಲ್ಲಿ ಬೇರೆ ಬೇರೆ ವಯಸ್ಸಿನ ಗುಳ್ಳೆಗಳು ಒಟ್ಟಿಗೆ ಇದ್ದರೆ, ಅವು ಕೈಕಾಲುಗಳಿಗಿಂತ ಎದೆ, ಬೆನ್ನು, ಮುಖಗಳಲ್ಲಿ ದಟ್ಟವಾಗಿದ್ದರೆ, ಜೊತೆಗೆ ತುರಿಕೆಯೂ ಇದ್ದರೆ, ಹತ್ತರಲ್ಲಿ ಒಂಬತ್ತು ಪಾಲು ಮಾತು ಅಲ್ಲಿಗೆ ತೀರ್ಮಾನವಾದಂತೆಯೇ ಎಂಬುದು ಅವರ ವಿವರಣೆ.

ಜ್ವರದಲ್ಲಿ ಕುಗ್ಗಿ ಕೂತಿದ್ದ ಇವರು ಆಗ ತಲೆ ಎತ್ತಿ, "ಅಡಕೆ ಮರದ ಹಾಗೆ ಅನ್ನಿ" ಎಂದರು. ಒಂದೇ ಮರದ ತುದಿಯಲ್ಲಿ ಸಿಂಗಾರ ಬಿರಿಯುತ್ತಿರುತ್ತದೆ, ಅದರ ಕೆಳಗಿನ ಗೊನೆಯಲ್ಲಿ ಹಸಿರು ಕಾಯಿ, ಇನ್ನೂ ಕೆಳಗೆ ಉದುರಲು ಕಾದ ಗೋಟು. ಡಾಕ್ಟರು ನಕ್ಕು, ಹಾಗಾದರೆ ಹಳೆಯ ಸಿಡುಬನ್ನು ಗದ್ದೆಗೆ ಹೋಲಿಸಬೇಕು ಎಂದರು. ಒಂದೇ ದಿನ ನಟ್ಟಿ ಮಾಡಿದ ಪೈರು ಒಂದೇ ಸಲ ಹೊಡೆಯಾಗಿ ಒಂದೇ ಸಲ ತೆನೆ ಬಾಗುವಂತೆ, ಸಿಡುಬಿನ ಬೊಕ್ಕೆಗಳು ಒಂದು ಭಾಗದಲ್ಲಿ ಎಲ್ಲವೂ ಒಂದೇ ಹಂತದಲ್ಲಿರುತ್ತಿದ್ದವು. ಅವು ಮುಖ, ಕೈಕಾಲುಗಳಲ್ಲಿ ಹೆಚ್ಚು, ಅಂಗೈ ಅಂಗಾಲುಗಳನ್ನೂ ಬಿಡುತ್ತಿರಲಿಲ್ಲ. ಚರ್ಮದ ಆಳದಲ್ಲಿ ಗಟ್ಟಿಯಾಗಿ ಹುದುಗಿರುತ್ತಿದ್ದವು, ಈ ನೀರ್ಗುಳ್ಳೆಗಳಂತೆ ಬಟ್ಟೆ ತಗುಲಿದರೆ ಒಡೆಯುವಷ್ಟು ಮೇಲಿರುತ್ತಿರಲಿಲ್ಲ. ಬೊಕ್ಕೆ ಏಳುವ ಮೊದಲೇ ಎರಡರಿಂದ ನಾಲ್ಕು ದಿನ ರೋಗಿಯನ್ನು ಮಲಗಿಸಿಬಿಡುವಂಥ ಜ್ವರ ಇರುತ್ತಿತ್ತು. ಈ ಎರಡೂ ಒಂದೇ ರೋಗದ ಕಿರಿದು ಹಿರಿದು ರೂಪಗಳಲ್ಲ, ಬೇರೆ ಬೇರೆ ರೋಗಗಳು ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲಿ ವಿವರವಾಗಿ ತೋರಿಸಿಕೊಟ್ಟಿದ್ದ. ಸೂಕ್ಷ್ಮದರ್ಶಕದಲ್ಲಿ ವೈರಾಣುವನ್ನು ಕಾಣುವ ಕಾಲ ಇನ್ನೂ ಬಹಳ ದೂರವಿದ್ದಾಗ, ಹೀಗೆ ದಿನ ಎಣಿಸುತ್ತ, ಗುಳ್ಳೆಗಳ ಹಂತ ಗಮನಿಸುತ್ತ ಆ ತೀರ್ಮಾನಕ್ಕೆ ಬಂದದ್ದು. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರ ಮೇ ತಿಂಗಳಿನಲ್ಲಿ ಘೋಷಿಸಿದ ಮೇಲೆ ಈ ವ್ಯತ್ಯಾಸವನ್ನು ಅನುದಿನ ನೋಡುವ ಅಗತ್ಯ ವೈದ್ಯರಿಗೆ ಉಳಿದಿಲ್ಲ, ಆದರೂ ಪಾಠದಲ್ಲಿ ಅದನ್ನು ಬಿಟ್ಟಿಲ್ಲವಂತೆ.

ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಚಿಕ್ಕವಳಿದ್ದಾಗ ತನಗೂ ಅಮ್ಮ ಆಗಿತ್ತು, ಆದ್ದರಿಂದ ಮಗನ ಆರೈಕೆಗೆ ತಾನೇ ಸರಿ ಎಂಬುದು ಅವರ ವಾದ. ಅವರ ಎಡತೋಳಿನಲ್ಲಿ ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ ದುಂಡು ಗುರುತಿದೆ, ಹಣೆಯ ಮೇಲೆ ಎರಡು, ಮೂಗಿನ ಪಕ್ಕದಲ್ಲಿ ಒಂದು ತಗ್ಗು ಕಲೆಯಿದೆ. ಆಮೇಲೊಮ್ಮೆ ಮನೆಗೆ ಬಂದಿದ್ದ ಡಾಕ್ಟರು ಆ ಕಲೆಗಳನ್ನು ನೋಡಿ, ಸಿಡುಬಾಗಿದ್ದರೆ ಮುಖದ ತುಂಬ ಕುಳಿಗಳಿರುತ್ತಿದ್ದವು, ಇಲ್ಲೊಂದು ಅಲ್ಲೊಂದು ಉಳಿಯುವುದು ಕೆರೆದುಕೊಂಡ ಸೀತಾಳೆ ಸಿಡುಬಿನ ಕಲೆ ಎಂದರು. ಅರವತ್ತು ವರ್ಷದ ಹಿಂದಿನ ಅಮ್ಮನಿಗೆ ಆ ದಿನ ಹೆಸರು ಸಿಕ್ಕಿತು. ಅತ್ತೆಯವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಡಾಕ್ಟರಿಗೆ ಮಾತ್ರ ಎರಡನೆಯ ಲೋಟ ಕಷಾಯ ಬಂತು.

ಚೌಕದ ಪರೀಕ್ಷೆಯಷ್ಟಕ್ಕೆ ನೋಟ ನಿಲ್ಲಲಿಲ್ಲ. ಪೆನ್ನಿನ ತುದಿಯಿಂದಲೇ ಕೂದಲನ್ನು ಸೀಳಿ ನೆತ್ತಿ ನೋಡಿದರು, ಅಲ್ಲಿ ಮೂರು ನೀರ್ಗುಳ್ಳೆ. ಸೊಳ್ಳೆಯಂಥ ಕೀಟಗಳ ಕಡಿತ ಹೆಚ್ಚಾಗಿ ಬಟ್ಟೆ ಮುಚ್ಚದ ಕೈಕಾಲುಗಳಲ್ಲಿರುತ್ತದೆ, ಕೂದಲಿನ ನಡುವೆ ಗುಳ್ಳೆ ಎದ್ದಿದ್ದರೆ ಅದು ಚಿಕನ್ ಪಾಕ್ಸ್ ಕಡೆಗೇ ಬೆರಳು ತೋರಿಸುತ್ತದೆ. ಮತ್ತೆ ಬಾಯಿ ತೆರೆಸಿದರು. ಎರಡು ದಿನಗಳ ಹಿಂದೆ ಏನೂ ಇಲ್ಲದ ಅಂಗುಳಿನ ಮೇಲೆ ಈಗ ಒಡೆದ ಎರಡು ಗುಳ್ಳೆಗಳ ಬಿಳಿ ಹುಣ್ಣು. ಬೆರಳುಗಳ ಸಂದು ನೋಡಿದ್ದು ಕಜ್ಜಿಯ ಸಲುವಾಗಿ. ಹೊಸದಾಗಿ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದರೋ ಎಂದು ಕೇಳಿದ್ದು ಔಷಧದ ಒಗ್ಗದಿಕೆಯಿಂದ ಏಳುವ ದದ್ದುಗಳ ಸಲುವಾಗಿ. ಅಂಗೈ ಅಂಗಾಲು ನೋಡಿ, ಕುತ್ತಿಗೆ, ಕಂಕುಳು, ತೊಡೆಸಂದುಗಳ ಗಂಟುಗಳನ್ನು ಒತ್ತಿ ನೋಡಿದ್ದು ಏಕೆಂದು ನನಗೆ ತಿಳಿಯಲಿಲ್ಲ. ಕೇಳಿದಾಗ ಮಂಕಿಪಾಕ್ಸ್ ಎಂದರು. 2022ರ ಜುಲೈನಲ್ಲಿ ಕೇರಳದಲ್ಲಿ ನಮ್ಮ ದೇಶದ ಮೊದಲ ಪ್ರಕರಣ ಪತ್ತೆಯಾದಂದಿನಿಂದ ಗುಳ್ಳೆ ಎದ್ದ ದೊಡ್ಡವರಲ್ಲೆಲ್ಲ ಈ ಎರಡು ಕಡೆ ಕೈಯಾಡಿಸುವುದು ಅವರಿಗೆ ಅಭ್ಯಾಸವಾಗಿದೆಯಂತೆ, ಏಕೆಂದರೆ ಅದರಲ್ಲಿ ಗಂಟುಗಳು ಊದಿಕೊಳ್ಳುವುದು ಸಾಮಾನ್ಯ, ಚಿಕನ್ ಪಾಕ್ಸ್‌ನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಮಂಗನ ಹೆಸರಿನ ರೋಗಗಳು ನಮ್ಮನ್ನು ಬಿಡುವ ಹಾಗೆ ಕಾಣುವುದಿಲ್ಲ ಎಂದು ಇವರು ಗೊಣಗಿದರು. ಶಿವಮೊಗ್ಗದಿಂದ ಮಂಗನ ಕಾಯಿಲೆ ಇಲ್ಲವೆಂಬ ವರದಿಯೂ ಆ ಹೊತ್ತಿಗೇ ಬಂದಿತ್ತು.

ಆದರೆ ರೋಗನಿರ್ಣಯದ ಅರ್ಧ ಭಾಗ ಮೈಮೇಲೆ ಇರುವುದಿಲ್ಲ, ಅದು ಕ್ಯಾಲೆಂಡರಿನಲ್ಲಿ ಇರುತ್ತದೆ. "ಈಗ್ಗೆ ಎರಡು ವಾರದ ಹಿಂದೆ ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದಿತ್ತೇ?" ಎಂದು ಡಾಕ್ಟರು ಕೇಳಿದಾಗ ನಾನು ಧೈರ್ಯವಾಗಿ ಇಲ್ಲ ಎಂದೆ. ವೈರಾಣು ಮೈ ಸೇರಿದ ದಿನದಿಂದ ಗುಳ್ಳೆ ಕಾಣಿಸಿಕೊಳ್ಳಲು 10ರಿಂದ 21 ದಿನ, ಬಹುಪಾಲು ಜನರಲ್ಲಿ 14ರಿಂದ 16 ದಿನ ಬೇಕು. ಹಾಗಾಗಿ ಜನವರಿಯ ಕೊನೆಯ ವಾರವನ್ನು ನೆನಪು ಮಾಡಿಕೊಳ್ಳಿ ಎಂದು ಅವರು ಒತ್ತಾಯಿಸಿದರು. ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು ಆಗಿತ್ತೇ ಎಂದೂ ಕೇಳಿದರು. ಈ ಪ್ರಶ್ನೆಗೆ ಕಾರಣವಿದೆ. ಎರಡಕ್ಕೂ ವೈರಾಣು ಒಂದೇ. ಬಾಲ್ಯದಲ್ಲಿ ಬಂದ ಚಿಕನ್ ಪಾಕ್ಸ್ ವಾಸಿಯಾದ ಮೇಲೂ ಅದು ನರಗಳ ಬುಡದ ಗಂಟುಗಳಲ್ಲಿ ಅಡಗಿದ್ದು, ವಯಸ್ಸಾದ ಕಾಲಕ್ಕೆ ಒಂದು ನರದ ಹಾದಿ ಹಿಡಿದು ಪಟ್ಟಿಯಂತೆ ಮೇಲೇಳುತ್ತದೆ, ಆ ಗುಳ್ಳೆಯ ನೀರು ತಗುಲಿದವರಿಗೆ ಹಿಂದೆ ರೋಗ ಬಂದಿರದಿದ್ದರೆ ಚಿಕನ್ ಪಾಕ್ಸ್ ಆಗುತ್ತದೆ. ಅತ್ತೆಯವರಿಗೆ ಸರ್ಪಸುತ್ತು ಆಗಿ ಆಗಲೇ ಮೂರು ವರ್ಷ ಕಳೆದಿತ್ತು, ಆ ಲೆಕ್ಕ ಹೊಂದಲಿಲ್ಲ.

ಆಗ ನೆನಪಾದದ್ದು ಮಗಳು. ಒಂಬತ್ತು ವರ್ಷದವಳು, ಜನವರಿ 26ರಂದು ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಬಂದು ಸ್ನಾನಕ್ಕೆ ಹೋದಾಗ ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳಿವೆ ಎಂದು ತೋರಿಸಿದ್ದಳು. ಹದಿನೈದೋ ಇಪ್ಪತ್ತೋ ಇದ್ದಿರಬಹುದು. ಜ್ವರವಿಲ್ಲ, ಆಟ ನಿಂತಿಲ್ಲ, ಊಟ ಬಿಟ್ಟಿಲ್ಲ. ಹಿಂದಿನ ದಿನ ಅಡಕೆ ಸಿಪ್ಪೆಯ ರಾಶಿಯ ಮೇಲೆ ಹೊರಳಾಡಿದ್ದಳಲ್ಲ, ನುಸಿ ಕಡಿದಿರಬೇಕು ಎಂದು ನಾನೇ ತೀರ್ಮಾನಿಸಿ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಎರಡು ದಿನ ಶಾಲೆಗೂ ಕಳುಹಿಸಿದ್ದೆ. ನನಗೆ ಅನುಮಾನ ಬಾರದಿದ್ದುದಕ್ಕೆ ಇನ್ನೊಂದು ಕಾರಣ, ಅವಳಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕಿಸಿದ್ದೆವು. ಸರ್ಕಾರದ ಲಸಿಕೆಗಳ ಪಟ್ಟಿಯಲ್ಲಿ ಅದು ಇಲ್ಲದ್ದರಿಂದ ಹಣ ಕೊಟ್ಟು ಶಿವಮೊಗ್ಗದಲ್ಲಿ ಹಾಕಿಸಿದ್ದು, ಹಾಗಾಗಿ ಚೆನ್ನಾಗಿ ನೆನಪಿದೆ. ಎರಡನೆಯ ಡೋಸಿನ ಹೊತ್ತಿಗೆ ಕೊರೊನಾ ಬಂದು, ಬಸ್ಸು ನಿಂತು, ಆಮೇಲೆ ಅದು ಹಾಗೆಯೇ ಮರೆತುಹೋಯಿತು.

ಡಾಕ್ಟರು ಕಾರ್ಡು ತರಿಸಿ ನೋಡಿ, ಸಂಜೆ ಮಗಳನ್ನೂ ಕರೆಸಿಕೊಂಡರು. ಹೊಟ್ಟೆಯ ಮೇಲೆ ತಿಳಿಗಂದು ಗುರುತುಗಳಷ್ಟೇ ಉಳಿದಿದ್ದವು, ಅವುಗಳನ್ನು ನೋಡಿ ಏನನ್ನೂ ಹೇಳುವಂತಿರಲಿಲ್ಲ. ಅವರು ಜಡೆ ಬಿಚ್ಚಿಸಿ ಕೂದಲನ್ನು ಬೈತಲೆ ಬೈತಲೆಯಾಗಿ ಸೀಳುತ್ತ ಹೋಗಿ, ಎಡಗಿವಿಯ ಹಿಂದೆ ಇನ್ನೂ ಉದುರದೆ ಅಂಟಿಕೊಂಡಿದ್ದ ಒಂದೇ ಒಂದು ಹಕ್ಕಳೆಯನ್ನು ಕಂಡುಹಿಡಿದರು. ಅಲ್ಲಿಗೆ ಲೆಕ್ಕ ಕೂಡಿತು. ಜನವರಿ 26ರಿಂದ ಫೆಬ್ರವರಿ 11ಕ್ಕೆ ಹದಿನಾರು ದಿನ. ಲಸಿಕೆ ಹಾಕಿದ ಮಕ್ಕಳಲ್ಲಿಯೂ ರೋಗ ಬರಬಹುದು, ಆದರೆ ಬಂದಾಗ ಅದು ವೇಷ ಮರೆಸಿಕೊಂಡು ಬರುತ್ತದೆ: ಲಸಿಕೆಯಿಲ್ಲದವರಿಗೆ 250ರಿಂದ 500 ಗುಳ್ಳೆಗಳಾದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಐವತ್ತಕ್ಕಿಂತ ಕಡಿಮೆ, ಅದರಲ್ಲಿಯೂ ನೀರು ತುಂಬುವುದು ಕೆಲವೇ ಕೆಲವು, ಉಳಿದವು ಬರೀ ಕೆಂಪು ಗಂಟುಗಳಾಗಿಯೇ ಬಾಡಿಹೋಗುತ್ತವೆ. ಅನುಭವಿ ವೈದ್ಯರೂ ಇದನ್ನು ಕೀಟದ ಕಡಿತವೆಂದು ತಿಳಿಯುವುದುಂಟು ಎಂದು ಡಾಕ್ಟರು ನನ್ನನ್ನು ಸಮಾಧಾನಪಡಿಸಿದರು. ನನಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಮಗಳ ರೋಗ ಪತ್ತೆಯಾದದ್ದು ಅಪ್ಪ ಮಲಗಿದ ಮೇಲೆ, ಅದೂ ಒಂದು ಹಕ್ಕಳೆಯಿಂದ.

ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ಸರಿಬರಲಿಲ್ಲ. ಪರೀಕ್ಷೆ ಮಾಡಿಸದೆ ಕಣ್ಣಿನಲ್ಲಿ ನೋಡಿ ಹೇಗೆ ಹೇಳುತ್ತಾರೆ, ರಕ್ತ ಕೊಟ್ಟು ಬಾ ಎಂದು ಫೋನಿನಲ್ಲಿ ಒಂದೇ ಸಮ. ನಾನು ಈ ಮಾತನ್ನು ಡಾಕ್ಟರಿಗೆ ಸ್ವಲ್ಪ ಸಂಕೋಚದಿಂದಲೇ ಮುಟ್ಟಿಸಿದೆ. ಅವರು ಬೇಸರಿಸದೆ ಹೇಳಿದ್ದರ ಸಾರಾಂಶ ಹೀಗಿದೆ. ಗುಳ್ಳೆಯ ತಳವನ್ನು ಕೆರೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಟ್ಸಾಂಕ್ ಪರೀಕ್ಷೆ ಹಳೆಯದು, ಅಗ್ಗದ್ದು. ಹಲವು ಕೋಶಕೇಂದ್ರಗಳು ಒಟ್ಟುಗೂಡಿದ ದೊಡ್ಡ ಕೋಶಗಳು ಅಲ್ಲಿ ಕಾಣುತ್ತವೆ. ಆದರೆ ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಾಣುವಿನಲ್ಲಿಯೂ ಅಂಥವೇ ಕೋಶಗಳು ಕಾಣುವುದರಿಂದ ಕುಲ ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಹೆಸರು ಖಚಿತವಾಗಬೇಕಾದರೆ ವೈರಾಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಅದಕ್ಕೆ ರಕ್ತಕ್ಕಿಂತ ಗುಳ್ಳೆಯ ನೀರು ಉತ್ತಮ, ನೀರು ಒಣಗಿದ್ದರೆ ಉದುರಿದ ಹಕ್ಕಳೆಯೂ ಸಾಕು. ಇದನ್ನು ನಾನು ತಿಳಿದಿರಲಿಲ್ಲ. ಒಣಗಿದ ಹಕ್ಕಳೆಯಲ್ಲಿ ವೈರಾಣುವಿನ ಗುರುತು ಉಳಿದಿರುತ್ತದೆ ಎಂಬುದು ನನಗೆ ವಿಚಿತ್ರವೆನಿಸಿತು. ಜನ ಕೇಳುವ ಐಜಿಎಂ ಎಂಬ ರಕ್ತಪರೀಕ್ಷೆ ಮೊದಲ ದಿನಗಳಲ್ಲಿ ರೋಗವಿದ್ದರೂ ಇಲ್ಲವೆನ್ನಬಹುದು, ಕೆಲವೊಮ್ಮೆ ಇಲ್ಲದ ಕಡೆ ಇದೆ ಎನ್ನುತ್ತದೆ, ಆದ್ದರಿಂದ ಅವರು ಅದನ್ನು ನೆಚ್ಚುವುದಿಲ್ಲ. ಗುಳ್ಳೆಗಳ ಚಹರೆ ಸರಿಯಾಗಿಲ್ಲದವರಲ್ಲಿ, ಕ್ಯಾನ್ಸರಿನ ಔಷಧದಲ್ಲಿರುವವರಲ್ಲಿ, ರೋಗ ಮೆದುಳಿಗೋ ಶ್ವಾಸಕೋಶಕ್ಕೋ ಇಳಿದವರಲ್ಲಿ ಪಿಸಿಆರ್ ಮಾಡಿಸುತ್ತಾರೆ. ಇವರ ಬೆನ್ನಿನ ಚೌಕ ಇಷ್ಟು ಸ್ಪಷ್ಟವಾಗಿ ಮಾತಾಡುತ್ತಿರುವಾಗ ಪ್ರಯೋಗಾಲಯದ ವರದಿಗೆ ಕಾಯುವುದೆಂದರೆ ಔಷಧದ ಹೊತ್ತನ್ನು ಕಳೆಯುವುದು ಎಂದರು. ತಮ್ಮನಿಗೆ ನಾನು ಇಷ್ಟನ್ನೂ ಹೇಳಲಿಲ್ಲ, ಪರೀಕ್ಷೆ ಆಯಿತು ಎಂದಷ್ಟೇ ಹೇಳಿದೆ. ಸುಳ್ಳೇನಲ್ಲ.

ಔಷಧದ ಹೊತ್ತು ಎಂದದ್ದಕ್ಕೆ ಕಾರಣ ವಯಸ್ಸು. ಇವರಿಗೆ ನಲವತ್ತಮೂರು. ಮಕ್ಕಳಲ್ಲಿ ಹಗುರವಾಗಿ ಹೋಗುವ ಈ ರೋಗ ದೊಡ್ಡವರಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಸಂಭವ ಹೆಚ್ಚು, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಅದಕ್ಕಾಗಿಯೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಿಮಿಷಕ್ಕೆ ಎಷ್ಟು ಉಸಿರು ಎಂದು ಗಡಿಯಾರ ಹಿಡಿದು ಎಣಿಸಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಸೈಕ್ಲೋವಿರ್ ಮಾತ್ರೆ ಗುಳ್ಳೆ ಕಂಡ 24 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ನಾವು ಹೋದಾಗ ಹದಿನಾರು ಗಂಟೆಯಾಗಿತ್ತು. ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮುಟ್ಟಬೇಡಿ ಎಂದು ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು. ಸ್ನಾನ ಮಾಡಬಹುದೇ ಎಂದು ಅತ್ತೆಯವರ ಪರವಾಗಿ ಕೇಳಿದೆ. ಧಾರಾಳವಾಗಿ ಮಾಡಲಿ, ಬೇವಿನ ಸೊಪ್ಪು ಹಾಕಿದ ನೀರೇ ಇರಲಿ, ಉಗುರು ಮಾತ್ರ ಕತ್ತರಿಸಿ ಎಂದರು.

ನಿಜವಾಗಿ ರಕ್ತಪರೀಕ್ಷೆಯ ಅಗತ್ಯ ಬಿದ್ದದ್ದು ಗುಳ್ಳೆಯೇ ಏಳದ ನಾದಿನಿಗೆ. ಅಣ್ಣನಿಗೆ ಜ್ವರವೆಂದು ಕೇಳಿ 10ರಂದು ಬಂದು ಒಂದು ರಾತ್ರಿ ಉಳಿದು ಹೋಗಿದ್ದಳು, ನಾಲ್ಕು ತಿಂಗಳ ಬಸುರಿ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲಿನಿಂದಲೇ ರೋಗ ಅಂಟುತ್ತದೆ ಎಂಬುದು ಗೊತ್ತಾದಾಗ ನನ್ನ ಎದೆ ಧಸಕ್ಕೆಂದಿತು. ಗರ್ಭದ ಮೊದಲ ಇಪ್ಪತ್ತು ವಾರಗಳಲ್ಲಿ ತಾಯಿಗೆ ಚಿಕನ್ ಪಾಕ್ಸ್ ಬಂದರೆ, ಅಪರೂಪಕ್ಕಾದರೂ, ಕೂಸಿನ ಕೈಕಾಲು, ಕಣ್ಣು, ಮೆದುಳುಗಳಿಗೆ ತೊಂದರೆಯಾಗಬಹುದು. ಅವಳಿಗೆ ಮೂರನೆಯ ಕ್ಲಾಸಿನಲ್ಲಿ ಅಮ್ಮ ಆಗಿತ್ತು ಎಂದು ಅತ್ತೆಯವರು ಖಚಿತವಾಗಿ ಹೇಳಿದರು. ಮನೆಯ ಹಿರಿಯರ ಇಂಥ ನೆನಪು ಬಹುಮಟ್ಟಿಗೆ ನಿಜವೇ ಆಗಿರುತ್ತದೆ, ಆದರೂ ಬಸುರಿಯ ವಿಷಯದಲ್ಲಿ ಅದೊಂದನ್ನೇ ನಂಬುವುದು ಬೇಡ ಎಂದು ಡಾಕ್ಟರು ಶಿವಮೊಗ್ಗದಲ್ಲಿ ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆಗೆ ಬರೆದುಕೊಟ್ಟರು. ಸಂಪರ್ಕವಾದ ಎರಡು ಮೂರು ದಿನಗಳಲ್ಲಿ ಮೈ ಹೊಸದಾಗಿ ಆ ಪ್ರತಿಕಾಯವನ್ನು ತಯಾರಿಸಲಾರದು, ಆದ್ದರಿಂದ ಈಗ ರಕ್ತದಲ್ಲಿ ಅದು ಸಿಕ್ಕಿದರೆ ಅದು ಹಳೆಯದು, ಅಂದರೆ ಅವಳಿಗೆ ರಕ್ಷಣೆಯಿದೆ ಎಂದರ್ಥ. ಸಿಗದಿದ್ದರೆ ಹತ್ತು ದಿನಗಳೊಳಗೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೊಡಿಸಬೇಕಾಗುತ್ತಿತ್ತು. ಮರುದಿನದ ಸಂಜೆ ವರದಿ ಬಂತು, ಪ್ರತಿಕಾಯ ಇತ್ತು. ಅತ್ತೆಯವರು "ನಾನು ಹೇಳಲಿಲ್ಲವೇ" ಎಂದು ಮೂರು ಸಲ ಹೇಳಿದರು.

ಚೌಕದ ಗೆರೆಗಳು ಸ್ನಾನದ ನೀರಿಗೆ ಮಸುಕಾಗುತ್ತಿದ್ದಂತೆ ನಾನು ಪ್ರತಿದಿನ ಅದೇ ಜಾಗದ ಮೇಲೆ ಗೆರೆ ತಿದ್ದುತ್ತಿದ್ದೆ. 14ರಂದು ಆಶಾ ಕಾರ್ಯಕರ್ತೆ ಬಂದು ಅದರ ಫೋಟೊ ತೆಗೆದು ಡಾಕ್ಟರಿಗೆ ಕಳುಹಿಸಿದರು. ಎರಡು ದಿನದ ಹಿಂದೆ ಬರೀ ಕೆಂಪು ಚುಕ್ಕೆಯಿದ್ದ ಮೂಲೆಯಲ್ಲಿ ನೀರ್ಗುಳ್ಳೆ, ನೀರ್ಗುಳ್ಳೆಗಳಿದ್ದ ನಡುಭಾಗದಲ್ಲಿ ಕಂದು ಹಕ್ಕಳೆ, ಏನೂ ಇಲ್ಲದಿದ್ದ ಕಡೆ ಹೊಸ ಎರಡು ಚುಕ್ಕೆ. ಮೊದಲ ದಿನದ ತೀರ್ಮಾನಕ್ಕೆ ಇದಕ್ಕಿಂತ ಗಟ್ಟಿಯಾದ ರುಜು ಬೇಕಿರಲಿಲ್ಲ. 16ರ ನಂತರ ಹೊಸದು ಏಳಲಿಲ್ಲ. 19ರಂದು ಮೈಯ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟಿದವು. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಆ ದಿನ. ಅಲ್ಲಿಂದ ಮುಂದೆ ಇಪ್ಪತ್ತೊಂದು ದಿನ ಎಣಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 12ಕ್ಕೆ ಪೆನ್ಸಿಲಿನ ಸುತ್ತು ಹಾಕಿದೆ.

ಶಿವರಾತ್ರಿಯ ಮರುದಿನ, ಫೆಬ್ರವರಿ 27ರಂದು, ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸು ತನ್ನ ಆರು ವರ್ಷದ ಹುಡುಗನನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಬಂದಳು. ಹತ್ತನೆಯ ತಾರೀಕು ಅವನು ನಮ್ಮ ಜಗಲಿಯಲ್ಲಿ, ಜ್ವರದಲ್ಲಿ ಮಲಗಿದ್ದ ಇವರ ಕಾಲಬುಡದಲ್ಲಿ ಮಗಳೊಂದಿಗೆ ಆಡುತ್ತಿದ್ದ. ಹೊಟ್ಟೆಯ ಮೇಲೆ ಮೂರು ಚುಕ್ಕೆ, ನುಸಿ ಕಡಿದಿದೆಯಮ್ಮ, ಎಣ್ಣೆಯಿದ್ದರೆ ಕೊಡಿ ಎಂದಳು. ಒಳಗಿನಿಂದ ಅತ್ತೆಯವರು ಬೇವಿನ ಸೊಪ್ಪು ಹಿಡಿದು ಬರುತ್ತಿದ್ದರು. ನಾನು ಹುಡುಗನನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ, ಕಿವಿಯ ಹಿಂದಿನ ಕೂದಲನ್ನು ಸರಿಸಿ ನೋಡಿದೆ. ಅಲ್ಲೊಂದು ಹನಿ ನಿಂತಿತ್ತು. ಎಣ್ಣೆಯನ್ನೂ ಅರಿಶಿನವನ್ನೂ ಮುಟ್ಟಿಸದೆ, ಹಾಗೆಯೇ ಅವನನ್ನು ಇವರ ಬೈಕಿನಲ್ಲಿ ಕೂರಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು.